ಅಮ್ಮನ ಕೈಗೆ ಕಟ್ಟಿದ ದಾರ

ಬುನ್‌ಥಾವಿ ಧಣಿಗಳೇ,

ಈ ಸಿಟ್ಟಲ್ಲಿ ಕೂತು ಬರೆಯೋಕಾಗ್ತಿಲ್ಲ. ಅದಕ್ಕೇ ರೈಲು ಕೆಲಸದ ಕ್ಯಾಂಪಿನಿಂದ ಈ ಪತ್ರಾನ ಫೋನಿಗೆ ಹೇಳ್ತಾ ಇದೀನಿ. ಪೂರ್ತಿ ಕೇಳಿ.

ಚೀನಾದ ಕಂಪನಿಗೆ ಪಾಲುದಾರರಾದ ಹೊಸದರಲ್ಲಿ ನೀವು ನಮ್ಮೂರಿಗೆ ಹೋಗಿದ್ರಿ. ನಮ್ಮ ಹಿರಿಯರನ್ನ ಹೂತಿರೋ ಕಾಡನ್ನ ರೈಲು ದಾರಿ ಮುಟ್ಟಲ್ಲ ಅಂತ ಮಾತು ಕೊಟ್ಟು, ಲಾವೋ ಪದ್ಧತಿಯಂತೆ ಹರಸಿ ನಮ್ಮಮ್ಮನ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿ, ಅವಳು ಮಾಡಿದ ಅಂಟಕ್ಕಿ ಅನ್ನ ಉಂಡು ಬಂದ್ರಿ. ಇವತ್ತು ಅದೇ ಕಾಡಿನ ಮರಗಳಿಗೆ ಕಡಿಯೋ ಗುರುತು ಬಳಿದಿದ್ದಾರೆ.

ಕಂಪನಿ ಮ್ಯಾನೇಜರ್ ಫೆಂಗ್‌ನ ಅವನ ಚೀನೀ ಭಾಷೇಲೇ ಕೇಳ್ದೆ. "ನನ್ನ ಮೇಲ್ಯಾಕಯ್ಯ ರೇಗ್ತೀಯ? ಅಲ್ಲಿರೋದು ಬರೀ ಖಾಲಿ ಗುಡ್ಡ ಅಂದಿದ್ದು ನಿಮ್ಮ ಧಣೀನೇ" ಅಂದ.

ಅಮ್ಮ ದಾರ ಇನ್ನೂ ತೆಗೆದಿಲ್ಲ. "ದಾರ ಕಟ್ಟಿದೋರು ಸುಳ್ಳು ಹೇಳ್ತಾರೇನೋ, ತಲೆಹರಟೆ!" ಅಂತ ಫೋನಲ್ಲಿ ನನಗೇ ಬೈತಾಳೆ.

ನಾಳೆ ಊರವರಿಗೆ ಸಮಜಾಯಿಷಿ ಹೇಳೋಕೆ ನನ್ನನ್ನ ಕಳಿಸ್ತೀರಂತೆ. ನಾನು ಹೋಗಲ್ಲ, ನೀವೇ ಹೋಗಿ. ಲಾವೋ ಜನ ಹರಸಿ ಕಟ್ಟಿದ ದಾರ ಕತ್ತರಿಸಲ್ಲ, ಬಿಚ್ತಾರೆ. ನೀವೂ ಲಾವೋನೇ ಅಲ್ವಾ? ಅಮ್ಮನ ಮುಂದೆ ಕೂತು ನಿಮ್ಮ ಕೈಯಾರೆ ಬಿಚ್ಚಿ. ಗಂಟು ಬಿಗಿಯಾಗಿದೆ, ಹೊತ್ತು ಹಿಡಿಯುತ್ತೆ. ಅಲ್ಲೀವರೆಗೂ ಅವಳು ನಿಮ್ಮ ಮುಖಾನೇ ನೋಡ್ತಿರ್ತಾಳೆ.

ಆಮೇಲೆ ಮರ ಕಡಿಸಿ.

ಇವತ್ತಿನವರೆಗೆ ನಿಮ್ಮ ದುಭಾಷಿ,
ಸೊಮ್‌ಫೋನ್