ಬಾಗಿಲು ಹಾಕಿಕೊಂಡ ವಿಜ್ಞಾನಿ

ಚಿಗಳ್ಳಿ, ೪ ಮೇ ೨೦೨೫

ಪ್ರೀತಿಯ ತಮ್ಮ ಸಚಿನನಿಗೆ,

ನಿನ್ನ ಕೆಮ್ಮು ಹೇಗಿದೆ? ಅನಮೋಡದ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಧೂಳು ಕುಡಿದು ಅದು ಎಲ್ಲಿ ವಾಸಿಯಾಗಬೇಕು. ಅವ್ವನ ಮೊಣಕಾಲು ನೋವು ಈಗ ಕಡಿಮೆ. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಈ ಪತ್ರ.

ನೀನು ಬರೆದ ನಾಟಕ ಕೆಡಿಸಿದೆವು ಎಂದು ಊರಿನವರನ್ನೆಲ್ಲ ಬೈದು ಮೆಸೇಜು ಹಾಕಿದ್ದೀಯಲ್ಲ, ನಡೆದದ್ದು ಕೇಳು. ಕೃತಕ ಮನುಷ್ಯನನ್ನು ಮಾಡುವ ಆ ವಿಜ್ಞಾನಿಯ ಪಾತ್ರವನ್ನು ಹಿಟ್ಟಿನ ಗಿರಣಿಯ ಸಿದ್ದಲಿಂಗನಿಗೆ ಕೊಡು ಎಂದವನು ನೀನೇ. ಹೆಂಡತಿ ತೀರಿಕೊಂಡ ಮೇಲೆ ಅವನು ಯಾರೊಡನೆಯೂ ಹೆಚ್ಚು ಮಾತಾಡಿದವನಲ್ಲ. ತಾಲೀಮಿನಲ್ಲಿ ಮಾತ್ರ ಬಾಯಿಬಿಟ್ಟು ಕೇಳಿದ, “ಅಕ್ಕೋರ, ಇಂವಾ ಜೀವಾ ಇರೋ ಮನಷ್ಯಾನ್ನ ಯಾಕ ಮಾಡ್ತಾನ್ರಿ? ಹೆಸರು ಬರ್ಲಿ ಅಂತಂದ್ರ ಬಾಗಿಲಾ ಹಾಕ್ಕೊಂಡು ಯಾಕ ಮಾಡ್ತಾನ?” ನಿನಗೆ ಫೋನು ಮಾಡಿದರೆ ಒಮ್ಮೆ ಕೀರ್ತಿಗಾಗಿ ಅಂದೆ, ಇನ್ನೊಮ್ಮೆ ಲೋಕಕಲ್ಯಾಣಕ್ಕೆ ಅಂದೆ, ಆಮೇಲೆ “ಬರದದ್ದಷ್ಟ ಹೇಳಂತ ಹೇಳು” ಎಂದು ಫೋನಿಟ್ಟೆ. ಬರೆದವನಿಗೇ ಗೊತ್ತಿಲ್ಲದ್ದನ್ನು ನಾನು ಆ ಮನುಷ್ಯನಿಗೆ ಹೇಗೆ ತಿಳಿಸಲಿ?

ಬಸವ ಜಯಂತಿಯ ಪ್ರಯೋಗದ ದಿನ ಪರದೆಯ ಹಿಂದೆ ನಿಂತು ಎಲ್ಲರಿಗೂ ಮಾತು ಹೇಳಿಕೊಡುತ್ತಿದ್ದವಳು ನಾನು. ತಾಡಪತ್ರಿ ಹೊದ್ದು ಮಲಗಿದ್ದ ಅಜಯ, ಅಂದರೆ ನಿನ್ನ ಕೃತಕ ಮನುಷ್ಯ, ಕಣ್ಣು ಬಿಟ್ಟ. ಸಿದ್ದಲಿಂಗ “ಇಂದಿನಿಂದ ನಾನೇ ಬ್ರಹ್ಮ” ಎಂದು ಗರ್ಜಿಸಬೇಕಿತ್ತು. ನಾನು ಪಿಸುಗುಟ್ಟಿದೆ, ಕೇಳಲಿಲ್ಲ. ಗಟ್ಟಿಯಾಗಿ ಹೇಳಿದೆ, ಆಗಲೂ ಇಲ್ಲ. ಸಿದ್ದಲಿಂಗ ಅಜಯನ ಪಕ್ಕ ಕೂತು, ತನ್ನ ಟವೆಲಿನಿಂದ ಅವನ ಮುಖ ಒರೆಸಿ, “ಮನಿಗೆ ಹೋದ್ರ ಊಟಾ ಆತೇನು ಅಂತ ಕೇಳಾವ್ರ ಇಲ್ಲೋ. ನೀ ಕೇಳ್ತಿಯೇನು?” ಅಂದ. ಆ ಪ್ರವೇಶದಲ್ಲಿ ಅಜಯನಿಗೆ ಒಂದು ಮಾತೂ ಇರಲಿಲ್ಲ. ಪಾಪ, ಗಾಬರಿಯಲ್ಲಿ “ಊಟಾ ಆತೇನ್ರಿ?” ಎಂದುಬಿಟ್ಟ. ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಕಾಶೆವ್ವ ಸೆರಗು ಬಾಯಿಗೆ ಹಿಡಿದಳು.

ಹಾಗಂತ ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ ಅಂದುಕೊಳ್ಳಬೇಡ. ಮುಂದಿನ ಪ್ರವೇಶದಲ್ಲಿ ಎಲ್ಲರೂ ಅವನ ಅಹಂಕಾರವನ್ನು ಖಂಡಿಸಬೇಕಿತ್ತು. ಯಾರ ಬಾಯಿಂದಲೂ ಆ ಮಾತು ಹೊರಡಲಿಲ್ಲ. ಪುಟಗಟ್ಟಲೆ ಹಾರಿಸಿ ನಾಟಕ ಮುಗಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆದರೂ ಒಂದು ಮಾತು ಹೇಳುತ್ತೇನೆ: ನಿನ್ನ ಗುಡುಗು ಸಿಡಿಲಿನ ನಾಟಕದಲ್ಲಿ ಜನ ನಂಬಿದ್ದು ಅವನ ಊಟದ ಆ ಮಾತೊಂದನ್ನೇ.

ಔಷಧಿ ತಪ್ಪಿಸಬೇಡ. ಅವ್ವ ನಿನಗೆ ಒಳ್ಳೆಯದಾಗಲಿ ಎನ್ನುತ್ತಿದ್ದಾಳೆ.

ನಿನ್ನ ಅಕ್ಕ,
ಶಾಂತಾದೇವಿ

ತಾ.ಕ.: ಪತ್ರ ಒಯ್ಯುವವರು ಬಾಗಿಲಲ್ಲೇ ನಿಂತಿದ್ದಾರೆ. ನಿನ್ನೆ ಸಿದ್ದಲಿಂಗ ಬಂದಿದ್ದ. ಕ್ಷಮೆ ಕೇಳಲು ಇರಬೇಕೆಂದು ಚಹಾ ಇಟ್ಟೆ. ಅವನು ಅವ್ವನ ಮುಂದೆ ಕೂತು ನನ್ನನ್ನು ಮದುವೆಗೆ ಕೇಳಿದ. ಅವ್ವ ನನ್ನ ಮುಖ ನೋಡಿದಳು, ನಾನು ಹೂಂ ಅಂದೆ. ಶ್ರಾವಣದಲ್ಲಿ ಮದುವೆ, ನೀನೇ ಮುಂದೆ ನಿಂತು ಮಾಡಬೇಕು. ರಜೆ ಹಾಕು. ಅವನನ್ನು ಬೈಯುವುದಿದ್ದರೆ ಅಕ್ಷತೆ ಬಿದ್ದ ಮೇಲೆ ಬೈ.