ಕಡಲೆಕಾಳಿನಷ್ಟು ಮುಖ

ಶ್ರೀನಿವಾಸಪುರ
9-2-1984

ಕದಿರೇಶನಿಗೆ ನಿನ್ನ ಭಾವ ಬರೆಯುವುದು.

ನೀನು ಕೆಲಸ ಮಾಡುವ ಕ್ಯಾಮೆರಾ ಅಂಗಡಿಯಿಂದ ನನಗೊಂದು ಮ್ಯಾಕ್ರೋ ಲೆನ್ಸು ಬೇಕು, ಚಿಕ್ಕದನ್ನು ತೀರ ಹತ್ತಿರದಿಂದ ತೆಗೆಯುವಂಥದ್ದು. ಐವತ್ತು ಎಂ.ಎಂ.ದೇ ತಗೋ. ನೂರರದು ಚೆನ್ನಾಗಿದೆ ಅಂತ ನಿಮ್ಮ ಯಜಮಾನ ತಲೆ ತಿಂದಾನು, ಕೇಳಬೇಡ. ಅದನ್ನು ಹಾಕಿದರೆ ಮದುವೆ ಮನೆಯಲ್ಲಿ ಗೋಡೆಗೆ ಬೆನ್ನು ಆನಿಸಿ ನಿಂತರೂ ಗುಂಪು ಹಿಡಿಯುವುದಿಲ್ಲ. ಎರಡು ಲೆನ್ಸು ಕೊಳ್ಳುವ ಯೋಗ್ಯತೆ ನನಗಿಲ್ಲ, ಮದುವೆಗಳೂ ಇದರಲ್ಲೇ ಆಗಬೇಕು.

ಹತ್ತಿರದಿಂದ ತೆಗೆಯಬೇಕಾಗಿರುವುದು ನಿಮ್ಮಕ್ಕನ ಮುಖ. ತೀರಿಕೊಂಡು ಮೂರು ತಿಂಗಳಾಯಿತು, ಗೋಡೆಗೆ ಹಾಕಲು ಒಂದು ಫೋಟೋ ಇಲ್ಲ. ನಮ್ಮ ಮಗಳ ಮದುವೆಯಲ್ಲಿ, "ಬ್ಯಾಂಕ್ ಸಾಲಕ್ಕೆ ಅಂತ ಎಮ್ಮೆ ಫೋಟೋ ತೆಗ್ದು ಕೊಡ್ತೀಯ, ನಂದೊಂದು ತೆಗಿಯಕ್ಕಾಗಲ್ವಾ" ಅಂದಳು. ರೀಲು ಉಳಿಸೋಣ ಅಂತ ಕ್ಯಾಮೆರಾ ಒತ್ತದೆ ಬರೀ ಫ್ಲ್ಯಾಶ್ ಹೊಡೆದೆ. ಕಾಟ ಕೊಡುವವರಿಗೆಲ್ಲ ನಮ್ಮ ಕಸುಬಿನವರು ಹೀಗೇ ಹೊಡೆಯುತ್ತೇವೆ. ಅವಳು ಸೆರಗು ಸರಿಮಾಡಿಕೊಂಡು ನಿಂತಿದ್ದಳು. ಆಮೇಲೆ ಕೇಳಿದಾಗ ರೀಲು ತೊಳೆಯುವಾಗ ಕೆಟ್ಟುಹೋಯಿತು ಅಂದೆ. ಬೈಯುವುದಿದ್ದರೆ ಲೆನ್ಸು ತಂದುಕೊಟ್ಟು ಬೈ.

ಯಲ್ದೂರಿನ ಬೀಗರು ಕರೆಸಿದ್ದ ಇನ್ನೊಬ್ಬ ಫೋಟೋದವನು ತೆಗೆದ ಗುಂಪಿನಲ್ಲಿ, ಮೂಲೆಯಲ್ಲಿ ಸಿಕ್ಕಿದ್ದಾಳೆ. ಮುಖ ಕಡಲೆಕಾಳಷ್ಟಿದೆ. ನೆಗೆಟಿವ್ ಅವನ ಹತ್ತಿರವೂ ಇಲ್ಲ, ಆ ಫೋಟೋದಿಂದಲೇ ಅವಳ ಮುಖ ತೆಗೆಯಬೇಕು. ಆ ಫೋಟೋ ಇದರೊಳಗೇ ಇಟ್ಟಿದ್ದೇನೆ, ಮಡಚಬೇಡ. ಅಂಗಡಿಯಲ್ಲೇ ಲೆನ್ಸು ಹಾಕಿ ನೋಡು. ಅವಳು ಕಣ್ಣು ಬಿಟ್ಟಿದ್ದಾಳೋ ಮುಚ್ಚಿದ್ದಾಳೋ ನನ್ನ ಕಣ್ಣಿಗೆ ತಿಳಿಯುತ್ತಿಲ್ಲ. ಮುಚ್ಚಿದ್ದರೂ ಲೆನ್ಸು ತಗೋ. ಏನು ಕಂಡಿತು ಅನ್ನುವುದನ್ನು ಮಾತ್ರ ಕಾಗದದಲ್ಲಿ ಬರೆಯಬೇಡ, ನಾನೇ ದೊಡ್ಡದು ಮಾಡಿ ನೋಡುತ್ತೇನೆ.

ನಿನ್ನ ಭಾವ,
ಪಿಳ್ಳಪ್ಪ