ಸಿಪಾಯಿಗೆ ನಾಲ್ಕು ದಿನ ರಜೆ

ಬಾಲಾನಗರ, ಹೈದರಾಬಾದ್
೯ ಮಾರ್ಚ್ ೨೦೨೫

ಪ್ರೀತಿಯ ಮಗಳು ವರ್ಷಾಳಿಗೆ ಅವ್ವನ ಆಶೀರ್ವಾದಗಳು.

ಹೇಗಿದ್ದೀ? ಆ ಹಿಮದಲ್ಲಿ ಕೆಮ್ಮು ಕಡಿಮೆಯಾಯಿತೇ? ಕಳಿಸಿದ ಶೇಂಗಾ ಚಟ್ನಿ ನಿನ್ನ ಬಾಯಿಗೆ ಬಿತ್ತೋ, ಇಲ್ಲ ನಿನ್ನ ಜವಾನರೇ ಮುಗಿಸಿದರೋ? ನನ್ನ ಮೊಣಕಾಲು ಇದ್ದ ಹಾಗೇ ಇದೆ. ಫೋನಿನಲ್ಲಿ ಹೇಳಲು ಹೋದರೆ ಅಪ್ಪನ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಕಾಗದ.

ಅಪ್ಪನ ಮರೆವು ಹೆಚ್ಚಾಗಿದೆ. "ರೀ" ಎಂದರೆ ತಿರುಗುವುದಿಲ್ಲ. ಕೆಳಗಿನ ಮನೆಯ ಉಮಾಬಾಯಿ "ಅಂಕಲ್" ಎಂದರೆ ಗೋಡೆ ನೋಡುತ್ತಾರೆ. ದಸರೆಯಲ್ಲಿ ಬೇಸತ್ತು, ಪೆನ್ಶನ್ ಆದಾಗಿನ ಹುದ್ದೆ ಹಿಡಿದು "ಸುಬೇದಾರ್ ಸಾಬ್, ಊಟಾ ತಯಾರ್ ಐತ್ರಿ" ಅಂದೆ ನೋಡು, ತಟ್ಟನೆ ಎದ್ದು ಕೈ ತೊಳೆದರು. ಆಗ ನಕ್ಕಿದ್ದೆ. ಸಂಕ್ರಾಂತಿಗೆ ಹಾಗೇ ಕರೆದರೆ ರೇಗಿದರು: "ಸಾಬ್ ಅನ್ನೂದು ಸುಬೇದಾರಗ. ನಾ ಇನ್ನಾ ಹವಾಲ್ದಾರ ಅದೀನಿ." ಸರಿ, ಹವಾಲ್ದಾರ್ ಎಂದೆ. ಹೋದ ವಾರದಿಂದ ಅದಕ್ಕೂ ಓಗೊಡುವುದಿಲ್ಲ, ಅದರ ಕೆಳಗಿನ ನಾಯಕ್ ಎಂದರೆ ಮಾತ್ರ. ಒಮ್ಮೆಯೂ ಹೆಸರು ಹಿಡಿದು ಕರೆಯದ ಗಂಡನನ್ನು ಮುದಿ ವಯಸ್ಸಿನಲ್ಲಿ ಹುದ್ದೆ ಹಿಡಿದು ಕರೆಯುವ ಪಾಡು ನನ್ನದು.

ಬಡ್ತಿ ಪಡೆದ ದಾರಿಯಲ್ಲೇ ಹಿಂದಕ್ಕೆ ಇಳಿಯುತ್ತಿದ್ದಾರೆ, ವರ್ಷಾ. ನೀನು ಹುಟ್ಟಿದ್ದು ಅವರು ಹವಾಲ್ದಾರರಾದ ಮೇಲೆ. ನಾಯಕನಿಗೆ ಮಗಳಿಲ್ಲ. ಮೊನ್ನೆ ನಿನ್ನ ಫೋಟೋ ತೋರಿಸಿದರೆ ಹೆಗಲ ಮೇಲಿನ ನಕ್ಷತ್ರ ಎಣಿಸಿ, ಎದ್ದು ನಿಂತು "ಜೈ ಹಿಂದ್, ಮೇಡಂ" ಎಂದರು. ನೀನು ಕ್ಯಾಪ್ಟನ್ ಆಗಿ ಮನೆಗೆ ಬಂದ ದಿನವೂ ಹೀಗೇ ಅಂದಿದ್ದರು, ಆದರೆ ಅಂದು ಅವರ ಕಣ್ಣಲ್ಲಿ ನೀರಿತ್ತು. ಈ ಸಲ ನಾನೇ ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ. ಇದು ವಾಸಿಯಾಗುವಂಥದ್ದಲ್ಲ ಎಂದು ನಾರಾಯಣಗೂಡದ ಡಾಕ್ಟರು ಹೇಳಿಯಾಗಿದೆ.

ನಮ್ಮ ಮದುವೆಯಾದಾಗ ಅವರ ತೋಳಿನಲ್ಲಿದ್ದದ್ದು ಒಂದೇ ಪಟ್ಟಿ, ನಾಯಕನಿಗಿಂತ ಒಂದು ಮೆಟ್ಟಿಲು ಕೆಳಗಿನ ಲ್ಯಾನ್ಸ್ ನಾಯಕ್. ಅದೊಂದು ಉಳಿಯಲಿ ಎಂದು ದಿನಾ ದೇವರ ಮುಂದೆ ದೀಪ ಹಚ್ಚುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಮೈ ಬೆಚ್ಚಗಿಟ್ಟುಕೋ. ದೇವರು ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಪ್ರೇಮಾ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಅಪ್ಪ ಬಂದು ಎದುರಿಗೆ ಸೆಟೆದು ಸಾವಧಾನ್ ನಿಂತರು. "ಏನ್ ನಾಯಕ್?" ಅಂದೆ. "ಸಿಪಾಯಿ ವೀರಭದ್ರಪ್ಪರಿ, ಸಾಬ್" ಅಂದರು. ಉಳಿಯಲಿ ಎಂದು ಬೇಡಿದ ಆ ಒಂದು ಪಟ್ಟಿಯೂ ಹೋಯಿತು. "ನಾಕ ದಿನ ರಜಾ ಬೇಕಾಗಿತ್ರಿ. ಹೆಣ್ಣ ನೋಡಾಕ ಊರಿಗೆ ಹೋಗಬೇಕು. ಪ್ರೇಮಾ ಅಂತ ಹೆಸರ್ರಿ." ಮಂಜೂರು ಅಂದೆ. ಈಗ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ. ನಾನು ಬೀಗ ಹಾಕಿದ್ದೇನೆ. ಅವರ ಸಲುವಾಗಿ ಬಾ ಎನ್ನುವುದಿಲ್ಲ, ಬಂದರೂ ನಿನಗೆ ಸಿಗುವುದು ಸೆಲ್ಯೂಟೇ. ನನ್ನ ಸಲುವಾಗಿ ಬಾ. ಬಂದು ಒಮ್ಮೆ ಅವ್ವಾ ಅನ್ನು.